ಶ್ವೇತಕುಬ್ಜದ ಗಡಿಯಾರ ಕೆಟ್ಟಿಲ್ಲ

‘ಒಂದೇ ನಕ್ಷತ್ರಗುಚ್ಛಕ್ಕೆ ಎರಡು ವಯಸ್ಸು ಹೇಳ್ತಾರೆ, ಅಂದ್ಮೇಲೆ ಈ ಲೆಕ್ಕವೆಲ್ಲ ಸುಮ್ನೆ ಊಹೆ’ ಎಂಬ ಮಾತು ಓಡಾಡುತ್ತಿದೆ. ಅರ್ಧ ನಿಜ, ಅಷ್ಟೇ.

ಮಾತು ಲೈರಾ ನಕ್ಷತ್ರಪುಂಜದ ಎನ್‌ಜಿಸಿ 6791 ಗುಚ್ಛದ್ದು, ಅಂದರೆ ಒಟ್ಟಿಗೇ ಹುಟ್ಟಿದ ನಕ್ಷತ್ರಗಳ ಒಂದು ಗುಂಪಿನದ್ದು. ಮಾಮೂಲಿ ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದರೆ ಅದಕ್ಕೆ ಸುಮಾರು 800 ಕೋಟಿ ವರ್ಷ. ಹಬಲ್ ದೂರದರ್ಶಕ ಕಂಡ ಶ್ವೇತಕುಬ್ಜಗಳಿಂದ ಬಂದದ್ದು ಸುಮಾರು 600 ಕೋಟಿ. ಸಣ್ಣ ವ್ಯತ್ಯಾಸವೇನಲ್ಲ!

ಶ್ವೇತಕುಬ್ಜ ಎಂದರೆ ಉರಿದು ಮುಗಿದ ನಕ್ಷತ್ರದ ಉಳಿಕೆ. ಒಲೆಯ ಕೆಂಡದ ಹಾಗೆ ತಣಿಯುತ್ತಾ ಮಂಕಾಗುತ್ತದೆ. ಗುಚ್ಛದಲ್ಲಿ ತೀರಾ ಮಂಕಾದವು ಎಷ್ಟು ಕಾಲದಿಂದ ತಣಿಯುತ್ತಿವೆ ಎಂಬುದೇ ವಯಸ್ಸಿನ ಸುಳಿವು. ತಪ್ಪಿದ್ದು ಗಡಿಯಾರವಲ್ಲ, ತಣಿಯುವ ವೇಗದ ಲೆಕ್ಕ. ಒಳಗಿನ ನಿಯಾನ್-22 (ನಿಯಾನ್‌ನ ಭಾರವಾದ ರೂಪ) ನಿಧಾನವಾಗಿ ಕೇಂದ್ರದತ್ತ ಮುಳುಗುತ್ತದೆ, ಆಗ ಶಾಖ ಹುಟ್ಟುತ್ತದೆ. ಒಳಭಾಗ ಹರಳುಗಟ್ಟುವಾಗ ಇಂಗಾಲ, ಆಮ್ಲಜನಕ ಬೇರ್ಪಟ್ಟರೂ ಹಾಗೆಯೇ. ಹಾಗಾಗಿ ತಣಿಯುವುದು ತಡವಾಗುತ್ತದೆ. ಈ ಗುಚ್ಛದಲ್ಲಂತೂ ಲೋಹ ಜಾಸ್ತಿ (ಹೀಲಿಯಂಗಿಂತ ಭಾರವಾದದ್ದೆಲ್ಲ ಖಗೋಳದವರಿಗೆ ಲೋಹವೇ, ಆಮ್ಲಜನಕ ಕೂಡ!), ಆದ್ದರಿಂದ ನಿಯಾನ್ ಕೂಡ ಜಾಸ್ತಿ.

2010ರಲ್ಲಿ ಈ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರು. ಶ್ವೇತಕುಬ್ಜಗಳೂ 800 ಕೋಟಿ ಎಂದವು. ಓಡಾಡುತ್ತಿರುವ ಸಂದೇಶ ಅದಕ್ಕೂ ಹಿಂದಿನ ಕಥೆಗೇ ನಿಂತುಬಿಟ್ಟಿದೆ.