ಲಿಂಕ್ ಮಾಡ್ಸಿದ್ರಾ?

ಭಾನುವಾರ ಬೆಳಿಗ್ಗೆ ಕಾಫಿ ಇನ್ನೂ ಬಿಸಿ ಇತ್ತು, ಮೆಸೇಜ್ ಬಂತು. ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿಲ್ಲ, ಲಿಂಕ್ ಮಾಡಲು ಈ ಲಿಂಕ್ ಒತ್ತಿ. ಅದರ ಬೆನ್ನಿಗೇ ಇನ್ನೊಂದು. ಲಿಂಕ್ ಮಾಡಿ ಅಂತ ಬರುವ ಯಾವ ಲಿಂಕನ್ನೂ ಒತ್ತಬೇಡಿ, ಎಚ್ಚರ. ಎರಡರಲ್ಲಿ ಒಂದು ಬ್ಯಾಂಕಿನದು, ಒಂದು ಕಳ್ಳರದು. ಯಾವುದು ಯಾರದು ಅಂತ ಕಂಡುಹಿಡಿಯುವ ಹೊತ್ತಿಗೆ ಕಾಫಿ ಆರಿ ಹೋಯಿತು. ಸುಳಿವು ಇದ್ದದ್ದು ಒಂದೇ. ಕಳ್ಳರ ಕನ್ನಡ ಚೆನ್ನಾಗಿತ್ತು.

ಇಂಗ್ಲಿಷಿನಿಂದ ನಾವು ಎಷ್ಟೋ ಕ್ರಿಯಾಪದ ತಂದುಕೊಂಡಿದ್ದೇವೆ. ಅಡ್ಜಸ್ಟ್ ಬಂತು, ಮ್ಯಾನೇಜ್ ಬಂತು, ಮನೆಮಕ್ಕಳ ಹಾಗೆ ಹೊಂದಿಕೊಂಡು ಹೋದವು. ಈ ಲಿಂಕ್ ಮಾತ್ರ ಬಾಡಿಗೆಗೆ ಬಂದು ಮನೆಯನ್ನೇ ಬರೆಸಿಕೊಂಡಿತು. ಮೊದಲೆಲ್ಲ ಅದು ಸ್ವಾರಸ್ಯದ ಮಾತಾಗಿತ್ತು. "ಅವನಿಗೂ ಅವಳಿಗೂ ಏನೋ ಲಿಂಕ್ ಇದೆಯಂತೆ" ಅಂದರೆ ಇಡೀ ಬೀದಿ ಕಿವಿ ನಿಮಿರಿಸುತ್ತಿತ್ತು. ಕಂಟ್ರಾಕ್ಟರಿಗೂ ಎಂಎಲ್‌ಎಗೂ ಲಿಂಕ್ ಇರುತ್ತಿತ್ತು, ಈಗಲೂ ಇರುತ್ತದೆ. ಆ ಲಿಂಕ್‌ಗೆ ಓಟಿಪಿ ಬೇಡ, ಹೆಬ್ಬೆಟ್ಟು ಬೇಡ, ಸರ್ವರ್ ಡೌನ್ ಆದದ್ದನ್ನೂ ಯಾರೂ ಕೇಳಿಲ್ಲ.

ನಮ್ಮ ಲಿಂಕ್‌ನ ವ್ಯಾಕರಣವೇ ಬೇರೆ. ಜಾಹೀರಾತಿನಲ್ಲಿ "ಲಿಂಕ್ ಮಾಡಿ". ಕೌಂಟರಿನಲ್ಲಿ "ಲಿಂಕ್ ಆಗಿಲ್ಲ". ಮನೆಗೆ ಬಂದರೆ "ಲಿಂಕ್ ಮಾಡ್ಸಿದ್ರಾ?" ಕೌಂಟರಿನ ಒಳಗೆ ಕೂತವರ ಪ್ರಯೋಗ ನೋಡಿ. ಆಗಿಲ್ಲ! ಮಳೆ ಆಗಿಲ್ಲ, ಬೆಳೆ ಆಗಿಲ್ಲ, ಲಿಂಕ್ ಆಗಿಲ್ಲ. ಯಾರ ತಪ್ಪೂ ಅಲ್ಲ, ದೈವೇಚ್ಛೆ. "ಮಾಡಿಸು" ಅನ್ನುವುದು ಮಾತ್ರ ಪೂರಾ ನಮ್ಮ ಪಾಲಿನದು. ಮಾಡಿಸು ಅಂದರೆ ಒಂದು ದಿನದ ರಜ, ಎರಡು ಜೆರಾಕ್ಸ್, ಸೈಬರ್ ಸೆಂಟರಿನ ಹುಡುಗನಿಗೆ 100 ರೂಪಾಯಿ. ಪಾನ್ ಕೊಟ್ಟವರೂ ಸರ್ಕಾರದವರೇ, ಆಧಾರ್ ಕೊಟ್ಟವರೂ ಅವರೇ. ಹಗ್ಗದ ಎರಡು ತುದಿಯೂ ಅವರ ಕೈಯಲ್ಲಿದೆ. ಗಂಟು ಹಾಕುವ ಕೆಲಸ ನಮ್ಮದು.

ಹಾಕದಿದ್ದರೆ ದಂಡ. ಪಾನ್‌ಗೆ ಆಧಾರ್ ಜೋಡಿಸುವ "ಕೊನೆಯ ದಿನ" 2017ರಲ್ಲಿ ಶುರುವಾಗಿ 2023ರ ಜೂನ್ 30ರವರೆಗೆ ಎಳೆಯಿತು. ಅಷ್ಟು ದೀರ್ಘಾಯುಷಿ ಕೊನೆಯ ದಿನವನ್ನು ನಾನಂತೂ ನೋಡಿಲ್ಲ. ನಡುವೆ 2022ರ ಏಪ್ರಿಲ್‌ನಿಂದ 500 ರೂಪಾಯಿ, ಜುಲೈನಿಂದ 1,000 ರೂಪಾಯಿ. ಕೊನೆಯ ದಿನ ಮುಗಿದ ಮೇಲೂ ಏಳು ತಿಂಗಳಲ್ಲಿ ಈ ಬಾಬ್ತಿನಿಂದಲೇ 601.97 ಕೋಟಿ ರೂಪಾಯಿ ಬಂತು ಅಂತ ಕೇಂದ್ರ ಸರ್ಕಾರ ಲೋಕಸಭೆಗೆ ಲೆಕ್ಕ ಕೊಟ್ಟಿತು. ಇಂಗ್ಲಿಷಿನ ಒಂದು ಕ್ರಿಯಾಪದ ಇಷ್ಟು ಸಂಪಾದನೆ ಮಾಡಿದೆ ಅಂದರೆ ಅದಕ್ಕೂ ಒಂದು ಪಾನ್ ಕಾರ್ಡ್ ಮಾಡಿಸಬೇಕು.

ದುಡ್ಡು ಕಟ್ಟಿದರೆ ಆಯಿತಲ್ಲ ಅನ್ನಬೇಡಿ. ಹೆಸರು ಮ್ಯಾಚ್ ಆಗಬೇಕು. ನಮ್ಮ ಭಾವನ ಹೆಸರು ಮಂಜುನಾಥ. ಕನ್ನಡದಲ್ಲಿ ಅದನ್ನು ಬರೆಯಲು ಇರುವುದು ಒಂದೇ ದಾರಿ. ಇಂಗ್ಲಿಷಿಗೆ ಹೋದ ಕೂಡಲೇ ಟಿ ಪಕ್ಕ ಎಚ್ ಇದೆಯೋ ಇಲ್ಲವೋ, ಕೊನೆಗೆ ಎ ಇದೆಯೋ ಇಲ್ಲವೋ ಅಂತ ನಾಲ್ಕು ಮಂಜುನಾಥರು ಹುಟ್ಟುತ್ತಾರೆ. ಆಧಾರ್‌ನಲ್ಲಿ ಒಬ್ಬ, ಪಾನ್‌ನಲ್ಲಿ ಒಬ್ಬ, ಬ್ಯಾಂಕಿನಲ್ಲಿ ಇನ್ನೊಬ್ಬ. ಸಾಲದ್ದಕ್ಕೆ ಪಾನ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಭಾವ ಬಿಡಿಸಿದರು. ಹಾಗಾಗಿ ಅವರ ಊರು ಹೊಸಹಳ್ಳಿಯೇ ಸರ್‌ನೇಮ್ ಆಗಿ ಕೂತಿದೆ. ಕಾಲ್ ಸೆಂಟರಿನ ಹುಡುಗಿ "ಮಿಸ್ಟರ್ ಹೊಸಹಳ್ಳಿ?" ಅನ್ನುತ್ತಾಳೆ. ಇಡೀ ಊರಿನ ಪರವಾಗಿ ಭಾವ "ಹೇಳಿ ಮೇಡಂ" ಅನ್ನುತ್ತಾರೆ.

ಈ ಪದ ಎಲ್ಲಿಂದ ಬಂತಪ್ಪಾ ಅಂತ ನಿಘಂಟು ತೆಗೆದೆ. ಲಿಂಕ್ ಅಂದರೆ ಮೂಲದಲ್ಲಿ ಸರಪಳಿಯ ಒಂದು ಬಳೆ. ಮಾತು ಸರಿಯಾಗಿದೆ, ಸರಪಳಿ ಅಂತ ಮೊದಲೇ ಹೇಳಿದ್ದರು, ನಾವೇ ಗಮನಿಸಲಿಲ್ಲ. 1620ರ ಸುಮಾರಿಗೆ ಎಡ್ಮಂಡ್ ಗಂಟರ್ ಅನ್ನುವ ಇಂಗ್ಲಿಷ್ ಪಾದ್ರಿ, ಲೆಕ್ಕದಲ್ಲಿ ಪಂಡಿತ, ಜಮೀನು ಅಳೆಯಲು ಒಂದು ಸರಪಳಿ ಮಾಡಿದ. ಉದ್ದ 66 ಅಡಿ, 100 ಲಿಂಕ್. ನಮ್ಮ ಗುಂಟೆ 33 ಅಡಿಯ ಚೌಕ. ಅಂದರೆ ಒಂದೊಂದು ಬದಿಯೂ ಗಂಟರ್ ಸರಪಳಿಯ ಸರಿಯಾಗಿ ಅರ್ಧ, 50 ಲಿಂಕ್. ಗಂಟರ್‌ಗೂ ಗುಂಟೆಗೂ ಹೆಸರಿನಲ್ಲಿ ಸಂಬಂಧ ಹುಡುಕಬೇಡಿ, ಸ್ಪೆಲ್ಲಿಂಗ್ ಮ್ಯಾಚ್ ಆಗಲ್ಲ. ಆ ಕಾಲದಲ್ಲಿ ಸರಪಳಿ ಹಿಡಿದು ಬಿಸಿಲಲ್ಲಿ ಎಳೆಯುತ್ತಿದ್ದವನಿಗೆ ಕೂಲಿಯಾದರೂ ಸಿಗುತ್ತಿತ್ತು. ಈಗ ಎಳೆಯುವವನೇ ಸಾವಿರ ಕಟ್ಟಬೇಕು.

ಕನ್ನಡದಲ್ಲಿ ಲಿಂಕ್‌ಗೆ ಕೊಂಡಿ ಅನ್ನುತ್ತಾರೆ. ಯಾರು ಮೊದಲು ಹಾಗೆ ಬರೆದರೋ, ಅವರ ಕೈಗೆ ನಮಸ್ಕಾರ. ಚೇಳಿಗೂ ಇರುವುದು ಕೊಂಡಿಯೇ ಅಲ್ವಾ? "ಈ ಕೊಂಡಿಯನ್ನು ಒತ್ತಿ" ಅಂತ ಮೆಸೇಜ್ ಬರುತ್ತದೆ, ಒತ್ತುತ್ತೇವೆ, ಖಾತೆ ಖಾಲಿ. ಎರಡು ದಿನ ಉರಿ ಇಳಿಯುವುದಿಲ್ಲ.

ಲಿಂಕ್ ಆದ ಮೇಲೂ ಕಥೆ ಮುಗಿಯುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರಲಿಲ್ಲ ಅಂತ ಪಕ್ಕದ ಬೀದಿಯ ಅಕ್ಕ ಕೇಳಲು ಹೋದರು. "ಲಿಂಕ್ ಆಗಿದೆ ಅಮ್ಮಾ, ಸೀಡಿಂಗ್ ಆಗಿಲ್ಲ" ಅಂದರಂತೆ. ಸೀಡಿಂಗ್ ಅಂದರೆ ಬಿತ್ತನೆ. ಆ ಅಕ್ಕ ಹುಟ್ಟಿದಾಗಿನಿಂದ ರಾಗಿ ಬಿತ್ತಿದವರು, ಈ ಬಿತ್ತನೆ ಗೊತ್ತಿರಲಿಲ್ಲ. ಅದನ್ನೂ ಮಾಡಿಸಿದರು. ಆಮೇಲೆ "ಮ್ಯಾಪಿಂಗ್ ಬೇರೆ ಬ್ಯಾಂಕಿಗೆ ಆಗಿದೆ" ಅಂದರು. ಯಾವತ್ತೋ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದು ಮರೆತಿದ್ದ ಖಾತೆಗೆ ದುಡ್ಡು ಹೋಗಿ ಕೂತಿತ್ತು. ಬಿತ್ತಿದ್ದು ಒಂದು ಹೊಲದಲ್ಲಿ, ಮೊಳೆತದ್ದು ಇನ್ನೊಂದರಲ್ಲಿ.

ಇದನ್ನೆಲ್ಲ ಪ್ರಶ್ನೆ ಮಾಡಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮಲ್ಲಿ ಜಾಸ್ತಿ ಜನ ಪಿಂಚಣಿಗೆ ಲಿಂಕ್ ಮಾಡಿಸಲು ಓಡಾಡುತ್ತಿರುತ್ತಾರೆ. 2018ರ ಸೆಪ್ಟೆಂಬರ್ 26ರಂದು ತೀರ್ಪು ಬಂತು. ಬ್ಯಾಂಕ್ ಖಾತೆಗೆ, ಮೊಬೈಲಿಗೆ ಆಧಾರ್ ಕಡ್ಡಾಯವಲ್ಲ. ಪಾನ್‌ಗೆ ಬೇಕು, ಸರ್ಕಾರದ ಸವಲತ್ತಿಗೆ ಬೇಕು. ಅಷ್ಟರೊಳಗೆ ಸಿಮ್ ಬಂದ್ ಆಗುತ್ತದೆ ಅಂತ ಹೆದರಿ ನಾವೆಲ್ಲ ಅಂಗಡಿ ಮುಂದೆ ಸಾಲು ನಿಂತು ಹೆಬ್ಬೆಟ್ಟು ಒತ್ತಿ ಬಂದಾಗಿತ್ತು. ಲಿಂಕ್ ಬಿಡಿಸಲು ಯಾರೂ ಸಾಲು ನಿಲ್ಲಲಿಲ್ಲ. ಬಿಡಿಸು ಅನ್ನುವುದು ಈ ಕ್ರಿಯಾಪದದ ರೂಪಾವಳಿಯಲ್ಲೇ ಇಲ್ಲ.

ವೋಟರ್ ಕಾರ್ಡಿನದು ಇನ್ನೂ ಚಂದ. 2022ರಲ್ಲಿ ಅದಕ್ಕೆ 6ಬಿ ಅಂತ ಫಾರಂ ತಂದರು. ಪೂರ್ತಿ ಸ್ವಇಚ್ಛೆ, ಯಾರಿಗೂ ಒತ್ತಾಯವಿಲ್ಲ ಅಂದರು. ಫಾರಂ ತೆಗೆದು ನೋಡಿದರೆ ಇದ್ದದ್ದು ಎರಡು ಆಯ್ಕೆ. ಒಂದು, ನನ್ನ ಆಧಾರ್ ನಂಬರ್ ಇದು. ಎರಡು, ನನ್ನ ಹತ್ತಿರ ಆಧಾರ್ ಇಲ್ಲ. "ಇದೆ, ಆದರೆ ಕೊಡಲ್ಲ" ಅನ್ನುವವನಿಗೆ ಖಾನೆಯೇ ಇರಲಿಲ್ಲ. ಸ್ವಇಚ್ಛೆ ಅಂದರೆ ಅವರ ಸ್ವಂತ ಇಚ್ಛೆ ಅಂತ ನನಗೆ ಆಮೇಲೆ ಹೊಳೆಯಿತು.

ನಗುವುದು ಸುಲಭ. ನನಗೆ ಫೋನಿದೆ, ದಂಡ ಕಟ್ಟಲು ಸಾವಿರ ರೂಪಾಯಿ ಇದೆ, ಬೈಯಲು ಈ ಅಂಕಣ ಇದೆ. 2017ರಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಲಿಂಕ್ ಆಗಿಲ್ಲ ಅಂತ ರೇಷನ್ ಕಾರ್ಡ್ ರದ್ದಾಗಿತ್ತು, ಮಗು ಅನ್ನ ಅನ್ನ ಅನ್ನುತ್ತಲೇ ಹೋಯಿತು ಅಂದಳು ತಾಯಿ. ಇಲ್ಲ, ಮಲೇರಿಯಾ ಅಂದಿತು ಸರ್ಕಾರ. ಮಲೇರಿಯಾನೇ ಇರಲಿ ಕಣ್ರೀ. ಕಾಯಿಲೆ ಬಿದ್ದ ಮಗುವಿಗೆ ಅಕ್ಕಿ ಬೇಡವಾ? ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲೂ ನೋಡಿದ್ದೇನೆ. ಜೀವಮಾನವೆಲ್ಲ ಪಾತ್ರೆ ಉಜ್ಜಿ, ಕಳೆ ಕಿತ್ತು, ಬೆರಳಿನ ಗೆರೆ ಸವೆದು ಹೋದ ಅಜ್ಜಿಯರು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮಿಷನ್ ಮೇಲೆ ಇಡುತ್ತಾರೆ. ಮಿಷನ್ ಒಪ್ಪುವುದಿಲ್ಲ. ಅಜ್ಜಿ ತನ್ನದೇ ತಪ್ಪು ಅನ್ನುವ ಹಾಗೆ ತಲೆ ತಗ್ಗಿಸುತ್ತಾಳೆ. ಎದುರಿಗೆ ಕೂತವನಿಗೆ ಆಕೆ ಯಾರು, ಯಾರ ತಾಯಿ, ಮನೆಯಲ್ಲಿ ಎಷ್ಟು ಜನ, ಎಲ್ಲಾ ಗೊತ್ತು.

ಈಗ ಪಹಣಿಯ ಸರದಿ. 2024ರಿಂದ ನಮ್ಮ ರಾಜ್ಯದಲ್ಲಿ ಪಹಣಿಗೂ ಆಧಾರ್ ಜೋಡಿಸುತ್ತಿದ್ದಾರೆ. ಊರಿನ ಜಮೀನು ಇನ್ನೂ ನಮ್ಮ ತಾತನ ಹೆಸರಿನಲ್ಲೇ ಇದೆ. ತಾತ ತೀರಿಕೊಂಡದ್ದು 1987ರಲ್ಲಿ. ಅವರ ಹತ್ತಿರ ಆಧಾರ್ ಇಲ್ಲ, ಮೊಬೈಲೂ ಇಲ್ಲ, ಓಟಿಪಿ ಹೇಳುವ ಸ್ಥಿತಿಯಲ್ಲೂ ಇಲ್ಲ. ಹಾಗಾದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಿ ಅಂದರು. ಅದಕ್ಕೆ ಮರಣ ಪತ್ರ ಬೇಕು. ಯಾವತ್ತೂ ಮಾಡಿಸಿರಲಿಲ್ಲ.

"ಅವರು ತೀರಿಕೊಂಡಿದ್ದಕ್ಕೆ ಏನಾದ್ರೂ ದಾಖಲೆ ಇದ್ಯಾ?" ಅಂತ ಕೌಂಟರಿನ ಹುಡುಗ ಕೇಳಿದ.

"ಪ್ರತಿ ವರ್ಷ ತಿಥಿ ಮಾಡ್ತೀವಲ್ಲಪ್ಪ" ಅಂದರು ದೊಡ್ಡಪ್ಪ.

ಹುಡುಗ ಏನೋ ಟೈಪ್ ಮಾಡಿದ, ಸ್ಕ್ರೀನ್ ನೋಡಿದ. "ಅದು ಇದ್ರಲ್ಲಿ ಲಿಂಕ್ ಆಗಿಲ್ಲ ಸರ್."