ಮೊಣಕಾಲುದ್ದ ನೀರು

ಆರು ಜನ ಸೇರಿ ಯಾವುದಾದರೊಂದು ಸಮುದ್ರ ತೀರದಲ್ಲಿ ಒಂದು ವಾರ ಸುಮ್ಮನೆ ಬಿದ್ದುಕೊಂಡಿರಬೇಕೆಂದು ತೀರ್ಮಾನಿಸಲು ನಮಗೆ ಹಿಡಿದದ್ದು ಹತ್ತು ನಿಮಿಷ. ಆ ತೀರ ಯಾವುದೆಂದು ತೀರ್ಮಾನಿಸಲು ಹಿಡಿದದ್ದು ಐದು ತಿಂಗಳು. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 71 ಭಾಗ ನೀರೇ ಇದೆಯೆಂದು ಶಾಲೆಯಲ್ಲಿ ಓದಿದ್ದ ನಾನು, ಅಷ್ಟೊಂದು ನೀರಿಗೆ ಇರುವ ಅಂಚಿನಲ್ಲಿ ಆರು ಕುರ್ಚಿ ಹಾಕುವಷ್ಟು ಜಾಗ ಸಿಗದೆ ಹೋದೀತೇ ಎಂಬ ಧೈರ್ಯದಲ್ಲಿದ್ದೆ. ‘ವಿಶ್ರಾಂತಿ’ ಎಂಬ ಪದಕ್ಕೆ ಆರು ಜನ ಆರು ಅರ್ಥ ಇಟ್ಟುಕೊಂಡು ಹೊರಟಿದ್ದೇವೆಂಬುದು ಆಗ ನನಗೆ ತಿಳಿದಿರಲಿಲ್ಲ.

ನನಗೆ ವಿಶ್ರಾಂತಿಯೆಂದರೆ ನಿದ್ದೆ. ಮಂಚದ ಮೇಲಿನ ನಿದ್ದೆಯಾದರೆ ಮನೆಯಲ್ಲೇ ಆಗುತ್ತದೆ. ನನಗೆ ಬೇಕಾಗಿದ್ದದ್ದು ಅಲೆಗಳ ಸದ್ದು ಕೇಳುತ್ತಾ, ಮುಖದ ಮೇಲೆ ಟೋಪಿ ಮುಚ್ಚಿಕೊಂಡು, ಯಾರೂ ಬಂದು ಎಬ್ಬಿಸುವುದಿಲ್ಲವೆಂಬ ಭರವಸೆಯಲ್ಲಿ ಹಾಡಹಗಲೇ ಮಾಡುವ ನಿದ್ದೆ. ನನ್ನ ಹೆಂಡತಿಗೆ ವಿಶ್ರಾಂತಿಯೆಂದರೆ ಸುತ್ತ ಜನರೇ ಇಲ್ಲದಿರುವುದು. ಐದು ಜನರನ್ನು ಕಟ್ಟಿಕೊಂಡು ಹೊರಟವಳು ಇದನ್ನು ಹೇಗೆ ಸಾಧಿಸುತ್ತಾಳೆಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅವಳ ಅಕ್ಕ, ಎಂದರೆ ನನ್ನ ಅತ್ತಿಗೆಯವರಿಗೆ ಸಮುದ್ರವೆಂದರೆ ಪ್ರಾಣ. ಆದರೆ ಅದರ ನೀರು ಕಾಲಿಗೆ ತಾಗಬಾರದು, ಮರಳು ಚಪ್ಪಲಿಯೊಳಗೆ ಸೇರಬಾರದು, ಗಾಳಿ ಕೂದಲನ್ನು ಕೆದರಬಾರದು. ಅವರ ಯಜಮಾನರು, ನನ್ನ ಷಡ್ಡಕರು, ಯಾವುದಾದರೊಂದು ವಸ್ತುವನ್ನು ಅಳೆದು ಪಟ್ಟಿ ಮಾಡಿದಾಗಲೇ ವಿರಾಮ ಅನುಭವಿಸುವವರು. ನನ್ನ ಹಳೆಯ ಗೆಳೆಯನಿಗೆ ಮೈಮೂಳೆ ನೋಯದ ಹೊರತು ರಜೆ ಕಳೆದಂತೆ ಆಗುವುದಿಲ್ಲ. ಅವನ ಹೆಂಡತಿ ರಜೆಯನ್ನು ಅನುಭವಿಸುವುದು ಹಿಂತಿರುಗಿ ಬಂದ ಮೇಲೆ, ಫೋಟೋಗಳಲ್ಲಿ.

ಚರ್ಚೆಗೆಂದು ವಾಟ್ಸ್‌ಆ್ಯಪ್‌ನಲ್ಲಿ ‘ವಿಶ್ರಾಂತಿ’ ಎಂಬ ಹೆಸರಿನ ಗುಂಪೊಂದನ್ನು ತೆರೆಯಲಾಯಿತು. ಮೊದಲ ವಾರದಲ್ಲೇ ಅದರ ಟಿಣ್ ಟಿಣ್ ಸದ್ದು ತಾಳಲಾರದೆ ನಾನು ಗುಂಪಿನ ಬಾಯಿ ಕಟ್ಟಿಹಾಕಿದೆ. ಆದ್ದರಿಂದ ಮುಂದೆ ನಡೆದ ಎಷ್ಟೋ ಅನಾಹುತಗಳಿಗೆ ನಾನು ಸಾಕ್ಷಿಯಲ್ಲ, ಬರೀ ಬಲಿಪಶು.

ಆರೂ ಜನರಿಗೆ ಒಟ್ಟಿಗೆ ರಜೆ ಸಿಗುವುದು ಜುಲೈ ತಿಂಗಳಲ್ಲಿ ಮಾತ್ರ ಎಂಬುದೊಂದೇ ನಮ್ಮೊಳಗೆ ಸರ್ವಾನುಮತದಿಂದ ಇತ್ಯರ್ಥವಾದ ಸಂಗತಿ. ಕೂಡಲೇ ನಾನು ಅನುಭವಸ್ಥನ ಗತ್ತಿನಲ್ಲಿ ಸಿಡ್ನಿಯ ಬೊಂಡಿ ತೀರವನ್ನು ಸೂಚಿಸಿ, ಅಲ್ಲಿನ ಸುಡು ಬಿಸಿಲು, ಬಂಗಾರದ ಮರಳು ಎಂದೆಲ್ಲ ಉದ್ದದ ಸಂದೇಶವೊಂದನ್ನು ಬರೆದೆ. ಜುಲೈ ಎಂದರೆ ಭೂಮಧ್ಯರೇಖೆಯಿಂದ ಅಷ್ಟು ದಕ್ಷಿಣದಲ್ಲಿ ನಟ್ಟನಡು ಚಳಿಗಾಲವೆಂದೂ, ಅಲ್ಲಿ ಮಲಗುವುದಾದರೆ ಟೋಪಿಯ ಬದಲು ಕಂಬಳಿ ತರಬೇಕೆಂದೂ ಷಡ್ಡಕರು ಉತ್ತರಿಸಿದರು. ಅಂದಿನಿಂದ ನಾನು ಯಾವ ಊರಿನ ಹೆಸರು ಹೇಳಿದರೂ, ‘ಅಲ್ಲಿ ಈಗ ಯಾವ ಕಾಲ, ವಿಚಾರಿಸಿದಿರಾ?’ ಎಂದು ಐವರೂ ಒಟ್ಟಿಗೆ ಕೇಳುವುದು ವಾಡಿಕೆಯಾಯಿತು. ನನ್ನ ಮತಕ್ಕೆ ಅಲ್ಲಿಗೇ ಬೆಲೆ ಹೋಯಿತು.

ಗೆಳೆಯ ಸೂಚಿಸಿದ್ದು ಪೋರ್ಚುಗಲ್‌ನ ನಜಾರೆಯನ್ನು. ‘ಅಲೆಗಳು ಚೆನ್ನಾಗಿವೆಯಂತೆ’ ಎಂದಷ್ಟೇ ಬರೆದಿದ್ದ. ಸಮುದ್ರದ ತಳದಲ್ಲಿರುವ ಆಳವಾದ ಕಂದರವೊಂದು ಅಲ್ಲಿ ಅಲೆಗಳನ್ನು ಒಗ್ಗೂಡಿಸಿ ಎತ್ತಿ ನಿಲ್ಲಿಸುತ್ತದೆಂದೂ, 2020ರ ಅಕ್ಟೋಬರಿನಲ್ಲಿ ಹಲಗೆ ಸವಾರನೊಬ್ಬ ಅಲ್ಲಿ 26.21 ಮೀಟರ್ ಎತ್ತರದ ಅಲೆಯ ಮೇಲಿಂದ ಜಾರಿ ಗಿನ್ನೆಸ್ ದಾಖಲೆ ಬರೆದನೆಂದೂ ನನ್ನ ಹೆಂಡತಿ ಪತ್ತೆ ಹಚ್ಚಿದಳು. ಎಂಟು ಅಂತಸ್ತಿನ ಕಟ್ಟಡವೊಂದು ತಮ್ಮ ಕಡೆಗೆ ನಡೆದು ಬರುವುದನ್ನು ಕಲ್ಪಿಸಿಕೊಂಡ ಅತ್ತಿಗೆಯವರು ಆ ದಿನವೆಲ್ಲ ಗುಂಪಿನಲ್ಲಿ ತುಟಿ ಬಿಚ್ಚಲಿಲ್ಲ. ಅಂಥ ಅಲೆಗಳೇಳುವುದು ಚಳಿಗಾಲದಲ್ಲಿ, ಜುಲೈನಲ್ಲಿ ಅಲ್ಲಿಯೂ ಕಡಲು ಸಾಧುವಾಗಿರುತ್ತದೆ ಎಂದು ತಿಳಿದಾಗ ಅವರಿಗೆ ಜೀವ ಬಂತು, ಗೆಳೆಯನಿಗೆ ಜೀವ ಹೋಯಿತು. ನಜಾರೆ ಹೀಗೆ ಎರಡು ವಿರುದ್ಧ ಕಾರಣಗಳಿಗಾಗಿ ತಿರಸ್ಕೃತವಾಯಿತು.

ಗೆಳೆಯನ ಹೆಂಡತಿಯ ಆಯ್ಕೆಗಳಿಗೆ ಬಣ್ಣವೇ ಆಧಾರ. ಬಹಾಮಾಸ್‌ನ ಹಾರ್ಬರ್ ದ್ವೀಪದಲ್ಲಿ ಮರಳು ತಿಳಿಗುಲಾಬಿ ಬಣ್ಣದ್ದೆಂದು ಆಕೆ ಹತ್ತಾರು ಚಿತ್ರಗಳನ್ನು ಕಳಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಕೆಂಪು ಚಿಪ್ಪಿನ ಪುಡಿಯಿಂದ ಆ ಬಣ್ಣ ಬರುತ್ತದೆಂದು ವಿವರಿಸಿದ ಷಡ್ಡಕರು, ಅದೇ ಉಸಿರಿನಲ್ಲಿ, ಜೂನ್ 1ರಿಂದ ನವೆಂಬರ್ 30ರವರೆಗೆ ಅದು ಚಂಡಮಾರುತಗಳ ಕಾಲವೆಂದೂ ತಿಳಿಸಿದರು. ಆಕೆ ಗುಲಾಬಿ ಬಿಟ್ಟು ಬಿಳಿಗೆ ಬಂದು ಮಾಲ್ಡೀವ್ಸ್ ಎಂದರು. ಅಲ್ಲಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ ನೈಋತ್ಯ ಮಾರುತದ ಮಳೆಗಾಳಿ ಎಂಬ ಆಕ್ಷೇಪವನ್ನು ಹೇಗೋ ದಾಟಬಹುದಿತ್ತು, ಏಕೆಂದರೆ ಮಳೆ ಬಂದರೆ ನಿದ್ದೆ ಇನ್ನೂ ಸೊಗಸು ಎಂಬುದು ನನ್ನ ವಾದವಾಗಿತ್ತು. ಆದರೆ ಅಷ್ಟರಲ್ಲಿ ನನ್ನ ಹೆಂಡತಿ, ಹವಳದ ದ್ವೀಪಗಳ ಬೆಳ್ಳನೆಯ ಮರಳಿನ ಬಹುಪಾಲು ಎಲ್ಲಿಂದ ಬರುತ್ತದೆಂದು ಓದಿಬಿಟ್ಟಳು. ಗಿಳಿಯ ಕೊಕ್ಕಿನಂಥ ಹಲ್ಲುಗಳಿರುವ ಗಿಳಿಮೀನು ಹವಳವನ್ನು ಕೆರೆದು ನುಂಗಿ, ಅರೆದು, ಉಳಿದದ್ದನ್ನು ಮರಳಾಗಿ ಹಿಂಬದಿಯಿಂದ ವಿಸರ್ಜಿಸುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಹಾಕಬಲ್ಲದು. ಈ ವಿಷಯವನ್ನು ಅವಳು ಬೆರಗಿನಿಂದ ಹಂಚಿಕೊಂಡಳು. ಅತ್ತಿಗೆಯವರು ಎರಡೇ ಪದಗಳಲ್ಲಿ ಉತ್ತರಿಸಿದರು: ‘ನಾನು ಬರುವುದಿಲ್ಲ.’

ಥಾಯ್ಲೆಂಡ್‌ನ ಮಾಯಾ ಕೊಲ್ಲಿಯ ಹೆಸರೂ ಬಂದಿತ್ತು. ಪ್ರವಾಸಿಗರ ತುಳಿತಕ್ಕೆ ಹವಳ ನಾಶವಾಯಿತೆಂದು 2018ರಲ್ಲಿ ಅದನ್ನು ಮುಚ್ಚಿ 2022ರ ಜನವರಿಯಲ್ಲಿ ಮತ್ತೆ ತೆರೆದರು. ಜನರಿಂದ ತಪ್ಪಿಸಿಕೊಂಡು ವಿಶ್ರಾಂತಿ ಪಡೆದ ಏಕೈಕ ತೀರವೆಂದು ನನ್ನ ಹೆಂಡತಿಗೆ ಅದರ ಮೇಲೆ ಸೋದರಿಯ ವಾತ್ಸಲ್ಯ ಹುಟ್ಟಿತು, ಅದಕ್ಕೆ ಮತ್ತೆ ತೊಂದರೆ ಕೊಡುವುದು ಬೇಡವೆಂದಳು. ಬಾಲಿಯಲ್ಲಿ ಜುಲೈ ಒಣಹವೆಯ ತಿಂಗಳು, ಹಾಗಾಗಿಯೇ ಲೋಕವೆಲ್ಲ ಅಲ್ಲಿರುತ್ತದೆಂದು ಅದೂ ಹೋಯಿತು. ನ್ಯೂಜಿಲೆಂಡ್‌ನ ‘ತೊಂಬತ್ತು ಮೈಲಿ ತೀರ’ದ ಉದ್ದ ನಿಜದಲ್ಲಿ 55 ಮೈಲಿಯಷ್ಟೇ ಎಂದು ತಿಳಿದು ಷಡ್ಡಕರು ವೈಯಕ್ತಿಕವಾಗಿ ಮೋಸಹೋದವರಂತೆ ನೊಂದುಕೊಂಡರು. ಅಲ್ಲಿಗೆ ಹೋಗೋಣವೆಂದು ಯಾರೂ ಹೇಳಿರಲಿಲ್ಲ.

ಮೂರನೆಯ ತಿಂಗಳಲ್ಲಿ ಷಡ್ಡಕರು ಎಕ್ಸೆಲ್ ಹಾಳೆಯೊಂದನ್ನು ಸಿದ್ಧಪಡಿಸಿದರು. ಹನ್ನೊಂದು ತೀರಗಳು, ಹದಿನಾಲ್ಕು ಗುಣಗಳು: ಮಳೆ, ನೆರಳು, ಜನಸಂದಣಿ, ಪ್ರಯಾಣದ ಗಂಟೆಗಳು, ಅಲೆಯ ಎತ್ತರ, ಜೆಲ್ಲಿ ಮೀನು, ಇತ್ಯಾದಿ. ಪ್ರತಿಯೊಬ್ಬರೂ ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು, ಯಂತ್ರ ಕೂಡಿಸಿ ಹೇಳುತ್ತದೆ, ಭಾವನೆಗಳಿಗೆ ಅವಕಾಶವಿಲ್ಲ. ನಾವು ಒಂದು ಭಾನುವಾರವನ್ನೆಲ್ಲ ಬಲಿಕೊಟ್ಟು ಅಂಕ ತುಂಬಿದೆವು. ಭಾರಿ ಅಂತರದಿಂದ ಮೊದಲು ಬಂದದ್ದು ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲೆಂಡ್‌ನ ತೀರ. ನವೆಂಬರಿನಿಂದ ಮೇ ವರೆಗೆ ಅಲ್ಲಿ ಪ್ರಾಣಾಂತಿಕ ಜೆಲ್ಲಿ ಮೀನುಗಳ ಹಾವಳಿಗೆ ಹೆದರಿ ಈಜುವ ಜಾಗಕ್ಕೆ ಬಲೆ ಕಟ್ಟುತ್ತಾರೆಂದು ನಾವೆಲ್ಲರೂ ಆ ಕಲಮಿನಲ್ಲಿ ಹತ್ತಕ್ಕೆ ಹತ್ತು ಹಾಕಿದ್ದೆವು; ಹಾಳೆ ಅದನ್ನು ಕಳೆಯುವ ಬದಲು ಕೂಡಿಸಿತ್ತು. ತಪ್ಪು ಸೂತ್ರದ್ದಲ್ಲ, ಅಂಕ ಕೊಟ್ಟವರದೆಂದು ಷಡ್ಡಕರು ಈಗಲೂ ನಂಬಿದ್ದಾರೆ. ತಿದ್ದಿ ಮತ್ತೆ ಕೂಡಿಸಿದಾಗ ಹನ್ನೊಂದೂ ತೀರಗಳು ಹೆಚ್ಚುಕಡಿಮೆ ಒಂದೇ ಅಂಕದಲ್ಲಿ ನಿಂತವು. ಒಬ್ಬರು ಅಲೆಗೆ ಹತ್ತು ಕೊಟ್ಟಲ್ಲಿ ಇನ್ನೊಬ್ಬರು ಸೊನ್ನೆ ಕೊಟ್ಟರೆ ಸರಾಸರಿ ಐದೇ ಬರುತ್ತದೆಂಬುದನ್ನು ಕಂಡುಹಿಡಿಯಲು ನಮಗೆ ಭಾನುವಾರವೇ ಬೇಕಾಗಿರಲಿಲ್ಲ.

ಕೊನೆಗೆ ಗೆದ್ದದ್ದು ಹಾಳೆಯಲ್ಲೇ ಇಲ್ಲದಿದ್ದ, ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪ. ಅದನ್ನು ಮೊದಲು ಹೇಳಿದವರು ಯಾರೆಂದು ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಅದರ ಬಗ್ಗೆ ಆರು ಜನರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲವಾಗಿ ಆಕ್ಷೇಪಿಸಲು ಯಾರ ಬಳಿಯೂ ಏನೂ ಇರಲಿಲ್ಲ. ಮಾರ್ಚಿನಿಂದ ಮೇ ವರೆಗಿನ ದೊಡ್ಡ ಮಳೆ ಮುಗಿದು ಜುಲೈನಲ್ಲಿ ಅಲ್ಲಿ ಹಿತವಾದ ಒಣಹವೆ ಎಂದು ಷಡ್ಡಕರು ಖಚಿತಪಡಿಸಿದರು. ದ್ವೀಪದ ಯಾವ ಬದಿ ಎಂಬ ಪ್ರಶ್ನೆಗೆ ಎರಡು ವಾರ ಹಿಡಿಯಿತು, ಅದು ಬೇರೆ ಕಥೆ. ಬೆಳಗಿನ ಜನರಿಲ್ಲದ ಸೂರ್ಯೋದಯ ಬೇಕೆಂಬ ನನ್ನ ಹೆಂಡತಿಯ ಹಟಕ್ಕೂ, ಗಾಳಿಪಟಕ್ಕೆ ಮೈ ಕಟ್ಟಿಕೊಂಡು ನೀರಿನ ಮೇಲೆ ಜಾರುವ ಆಟಕ್ಕೆ ಪಾಜೆ ಹೆಸರಾದದ್ದೆಂಬ ಗೆಳೆಯನ ಸಂಶೋಧನೆಗೂ ಮಣಿದು ಪೂರ್ವ ತೀರದ ಪಾಜೆಯನ್ನೇ ಆರಿಸಿದೆವು. ದಿನಾಂಕವನ್ನು ಗೊತ್ತುಪಡಿಸಿದ್ದು ಗೆಳೆಯನ ಹೆಂಡತಿ. ಬೆಳದಿಂಗಳಲ್ಲಿ ಫೋಟೋ ಚೆನ್ನಾಗಿ ಬರುತ್ತದೆಂದು ಆಕೆ ಹುಣ್ಣಿಮೆಯನ್ನೇ ಹುಡುಕಿ ಹಿಡಿದರು. ಅಲ್ಲಿನ ಬೆಳ್ಳನೆಯ ಮರಳು ಕೂಡ ಹವಳದ್ದೇ, ಗಿಳಿಮೀನುಗಳಿಗೆ ಅದರಲ್ಲೂ ಪಾಲಿದೆ. ಇದನ್ನು ಅತ್ತಿಗೆಯವರಿಗೆ ಈವರೆಗೆ ಯಾರೂ ಹೇಳಿಲ್ಲ.

ನಾವು ತಲುಪಿದ್ದು ರಾತ್ರಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಟೋಪಿ, ಕೊಡೆ, ಪುಸ್ತಕ, ಮಡಚುವ ಕುರ್ಚಿ ಹಿಡಿದು ಸಾಲಾಗಿ ತೀರಕ್ಕೆ ಹೊರಟೆವು. ತೆಂಗಿನ ಮರಗಳು ಚಿತ್ರದಲ್ಲಿದ್ದಂತೆಯೇ ಇದ್ದವು, ಮರಳೂ ಇತ್ತು. ಸಮುದ್ರ ಇರಲಿಲ್ಲ.

‘ಎಲ್ಲಿ?’ ಎಂದು ಅತ್ತಿಗೆಯವರು ಕೇಳಿದರು. ಷಡ್ಡಕರು ಬೆರಳು ತೋರಿದ ಕಡೆ, ಬಹಳ ದೂರದಲ್ಲಿ, ಹವಳದ ದಿಬ್ಬಕ್ಕೆ ಬಡಿಯುವ ಅಲೆಗಳ ಬಿಳಿ ಗೆರೆಯೊಂದು ಕಾಣುತ್ತಿತ್ತು. ಅಲ್ಲಿಯವರೆಗೂ ಒದ್ದೆ ಮರಳು, ಅಲ್ಲಲ್ಲಿ ನಿಂತ ನೀರಿನ ಗುಂಡಿಗಳು, ಗೂಟ ನೆಟ್ಟು ಹಗ್ಗ ಕಟ್ಟಿ ಬೆಳೆಸಿದ ಕಡಲಪಾಚಿಯ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದ ಹೆಂಗಸರು. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವ ಹುಣ್ಣಿಮೆ ಅಮಾವಾಸ್ಯೆಗಳಂದು ಸೂರ್ಯ ಚಂದ್ರರಿಬ್ಬರ ಸೆಳೆತವೂ ಕೂಡಿಕೊಂಡು ಸಮುದ್ರ ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಇಲ್ಲಿ ಆ ಏರಿಳಿತ ಸುಮಾರು ನಾಲ್ಕು ಮೀಟರ್, ತಳ ಮಾತ್ರ ಅಂಗಳದಂತೆ ಸಮತಟ್ಟು, ಆದ್ದರಿಂದ ನೀರು ಇಳಿದರೆ ದೂರದವರೆಗೂ ಇಳಿಯುತ್ತದೆ ಎಂದು ಷಡ್ಡಕರು ಅಲ್ಲೇ ನಿಂತು ಮೊಬೈಲಿನಲ್ಲಿ ಓದಿ ಹೇಳಿದರು. ಹದಿನಾಲ್ಕು ಕಲಮುಗಳ ಹಾಳೆಯಲ್ಲಿ ‘ಸಮುದ್ರ ಇದೆಯೇ’ ಎಂಬ ಕಲಮು ಇರಲಿಲ್ಲ. ನಾವು ನೋಡಿದ ಚಿತ್ರಗಳನ್ನೆಲ್ಲ ಉಬ್ಬರದ ಹೊತ್ತಿನಲ್ಲೇ ತೆಗೆದಿದ್ದರು. ಖಾಲಿ ಪಾತ್ರೆಯ ಫೋಟೋ ತೆಗೆದು ಯಾರು ತಾನೇ ತೋರಿಸುತ್ತಾರೆ?

‘ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂದು ಗಾದೆಯಿದೆ, ನಮ್ಮ ಪಾಲಿಗೆ ಅಷ್ಟೂ ಇಲ್ಲ’ ಎಂದರು ಅತ್ತಿಗೆಯವರು. ಆದರೆ ಹಾಗೆಂದವರೇ ಮರುಕ್ಷಣ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಸಮೇತ ಆ ಖಾಲಿ ಸಮುದ್ರದೊಳಗೆ ಹೆಜ್ಜೆ ಹಾಕಿದರು. ನೀರು ತಾಗದ, ಅಲೆ ಬಾರದ ಸಮುದ್ರವನ್ನು ಜೀವಮಾನವೆಲ್ಲ ಅವರು ಬಯಸಿದ್ದರು. ಮುಳ್ಳುಚೆಂಡಿನಂಥ ಕಡಲಜೀವಿಗಳನ್ನು ದಾಟಿಕೊಂಡು ಅವರು ನಮ್ಮೆಲ್ಲರಿಗಿಂತ ಮುಂದೆ ನಡೆದರು. ಗೆಳೆಯ ಗಾಳಿಪಟದ ಆಟಕ್ಕೆ ನೀರು ಬರುವವರೆಗೆ ಕಾಯುತ್ತಾ ದಡದಲ್ಲಿ ವ್ಯಾಯಾಮ ಶುರುಮಾಡಿದ. ಅವನ ಹೆಂಡತಿ ಗುಂಡಿಗಳಲ್ಲಿ ಬಿದ್ದ ಆಕಾಶದ ನೆರಳನ್ನು ತೆಗೆಯುತ್ತಾ ಕುಳಿತರು. ನನ್ನ ಹೆಂಡತಿ ಜನರಿಲ್ಲದ ದಿಕ್ಕೊಂದನ್ನು ಹುಡುಕಿಕೊಂಡು ಮರೆಯಾದಳು.

ನನಗೆ ಅಲೆಯ ಸದ್ದು ಬೇಕಿತ್ತು. ಕುರ್ಚಿಯನ್ನು ಹೊತ್ತು, ಸಮುದ್ರ ಹೋದ ದಾರಿಯಲ್ಲೇ ನಡೆದು, ಸದ್ದು ಹಿತವಾಗಿ ಕೇಳುವಷ್ಟು ಹತ್ತಿರದಲ್ಲಿ, ತುಸು ಎತ್ತರದ ಮರಳಿನ ಮೇಲೆ ಅದನ್ನು ಊರಿದೆ. ಕೊಡೆ ನೆಟ್ಟು ಟೋಪಿ ಮುಚ್ಚಿಕೊಂಡೆ. ಐದು ತಿಂಗಳ ದಣಿವು ಒಮ್ಮೆಲೇ ಮೈಯನ್ನು ಆವರಿಸಿತು. ಎಷ್ಟೋ ಹೊತ್ತಿನ ಮೇಲೆ ಪಾದ ತಣ್ಣಗಾದದ್ದು ನಿದ್ದೆಯಲ್ಲೂ ತಿಳಿಯಿತು. ವಿಶ್ರಾಂತಿಯೆಂದರೆ ಇದೇ ಇರಬೇಕೆಂದುಕೊಂಡು ಪಕ್ಕಕ್ಕೆ ಹೊರಳಿದೆ. ಕೊಡೆ ತಲೆಯ ಮೇಲೆ ಉರುಳಿದಾಗಲೇ ಕಣ್ಣು ಬಿಟ್ಟದ್ದು. ಸುತ್ತಲೂ ಸಮುದ್ರ. ಎದ್ದು ನಿಂತರೆ ಸರಿಯಾಗಿ ಮೊಣಕಾಲುದ್ದ. ಟೋಪಿ ಆಗಲೇ ದಡದ ಕಡೆ ನನಗಿಂತ ಮುಂದೆ ಹೊರಟಿತ್ತು.

ದಡಕ್ಕೂ ನನಗೂ ನಡುವಿನ ತಗ್ಗಿನಲ್ಲಿ ನೀರು ಸೊಂಟ ಮುಟ್ಟಿತು. ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದವನಿಗೆ, ತೆಂಗಿನ ನೆರಳಿನಲ್ಲಿ ಐವರೂ ತಲೆಗೆ ತಲೆ ಕೊಟ್ಟು ಕುಳಿತಿರುವುದು ಕಾಣಿಸಿತು. ಯಾರೂ ಈ ಕಡೆ ನೋಡುತ್ತಿರಲಿಲ್ಲ. ನಾನು ಎದುರು ಬಂದು ನೀರು ಸುರಿಸುತ್ತಾ ನಿಂತಾಗ ಷಡ್ಡಕರು ಒಮ್ಮೆ ಕತ್ತೆತ್ತಿ, ಉಬ್ಬರದ ಆರು ಗಂಟೆಗಳಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು ನೀರು ಏರುತ್ತದೆಂದೂ, ಎರಡನೆಯ ಗಂಟೆ ಎರಡು ಪಾಲು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು ಏರುತ್ತದೆಂದೂ, ಹಾಗಾಗಿ ನಾನು ಎದ್ದು ಬಂದದ್ದು ಲೆಕ್ಕದ ಪ್ರಕಾರ ಒಳ್ಳೆಯ ಹೊತ್ತಿಗೇ ಎಂದೂ ತಿಳಿಸಿ, ಮತ್ತೆ ಮೊಬೈಲಿನ ಕಡೆ ಬಗ್ಗಿದರು.

‘ಮುಂದಿನ ವರ್ಷ ಬೆಟ್ಟಕ್ಕೆ ಹೋಗುವುದೆಂದು ಮಾತಾಗಿದೆ’ ಎಂದಳು ನನ್ನ ಹೆಂಡತಿ, ‘ಯಾವ ಬೆಟ್ಟ ಎನ್ನುವುದಕ್ಕೆ ನಿಮ್ಮ ಅಂಕ ಒಂದು ಬಾಕಿ ಇದೆ.’