ಹೆಗ್ಗಣದ ಕಾರಣಿಕ

ಅತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಒಂದು ಫೋಟೊ ಕಳಿಸಿದ್ದರು. ಹಿತ್ತಲಿನ ಬೇವಿನ ಮರ ಹೂ ಬಿಟ್ಟಿದೆ. ಕೆಳಗೆ ನೆಲದ ತುಂಬ ಬಿಳಿ ಹೂವು. ಜೊತೆಗೆ ಒಂದು ಸಾಲು: ‘ಇಲ್ಲಿ ವಸಂತ ಬಂತು. ನಿಮ್ಮಲ್ಲಿ?’

ನಮ್ಮಲ್ಲಿ ಏನೂ ಬಂದಿಲ್ಲ. ಟಪಾಲು ಕೂಡ ಬಂದಿಲ್ಲ, ಯಾಕೆಂದರೆ ಟಪಾಲು ಗಾಡಿ ಬರಬೇಕಾದ ರಸ್ತೆ ಕರಗಿ ಕೂತಿದೆ.

ನಾನಿರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಉತ್ತರದ ಒಂದು ಹಳ್ಳಿಯಲ್ಲಿ. ಈ ರಾಜ್ಯದ ರಸ್ತೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಮಣ್ಣಿನವೇ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಚಳಿಗಾಲದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ಮಾರ್ಚಿನ ಬಿಸಿಲಿಗೆ ಮೇಲಿನ ಪದರ ಮಾತ್ರ ಸಡಿಲವಾಗುತ್ತದೆ, ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ. ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ. ಮಳೆಗಾಲದಲ್ಲಿ ಎರೆಹೊಲಕ್ಕೆ ಚಕ್ಕಡಿ ಇಳಿಸಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಭಾರದ ಲಾರಿ ಬರಬಾರದು ಅಂತ ಊರಿನವರು ಬೋರ್ಡು ಹಾಕಿದ್ದಾರೆ. ಅಗತ್ಯವೇ ಇರಲಿಲ್ಲ. ಸೈಕಲ್ಲೂ ಬರುವುದಿಲ್ಲ.

ನಮಗೆ ಋತು ಆರು. ಈ ದೇಶದವರಿಗೆ ನಾಲ್ಕೇ. ಆದರೆ ವರ್ಮಾಂಟಿನವರು ಅಷ್ಟಕ್ಕೇ ಸುಮ್ಮನಿರದೆ ಕೆಸರಿನ ಕಾಲ ಅಂತ ಐದನೆಯದೊಂದನ್ನು ಸೇರಿಸಿಕೊಂಡಿದ್ದಾರೆ. ಸೇರಿಸುವುದೇ ಆಗಿದ್ದರೆ ಹೇಮಂತವನ್ನೋ ಶರದೃತುವನ್ನೋ ನಮ್ಮಿಂದ ಕೇಳಿ ತಗೊಳ್ಳಬಹುದಿತ್ತು.

ಈ ಸಲದ ಚಳಿ ಕೆಟ್ಟದಾಗಿತ್ತು. ಜನವರಿಯ ರಾತ್ರಿಗಳಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗಿದ್ದುಂಟು. ಇದನ್ನು ಇಲ್ಲಿನ ಹಳಬರ ಹತ್ತಿರ ಹೇಳಬಾರದು. ‘ಇದೂ ಒಂದು ಚಳೀನಾ, ನಾವು ಚಿಕ್ಕವರಿದ್ದಾಗ ನೋಡಬೇಕಿತ್ತು’ ಅಂತ ಶುರು ಮಾಡುತ್ತಾರೆ. ಜಗತ್ತಿನ ಎಲ್ಲ ಮುದುಕರೂ ಒಂದೇ ಶಾಲೆಯಲ್ಲಿ ಓದಿದವರು. ಇನ್ನು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದ ಗೆಳೆಯರು. ಅವರು ಫೆಬ್ರವರಿಯಲ್ಲೇ ಹೂ ತುಂಬಿದ ಬಾದಾಮಿ ಮರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅದೂ ಅರ್ಧ ತೋಳಿನ ಅಂಗಿ ಹಾಕಿಕೊಂಡು. ಅವರ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಅದು ಸುಳ್ಳು.

ಕಾಯುವುದರ ಬಗ್ಗೆ ನನಗೆ ಮೊನ್ನೆ ಒಂದು ಒಳ್ಳೆಯ ಮಾತು ಹೊಳೆದಿದೆ. ಅದನ್ನು ಹೇಳುವುದಕ್ಕೇ ಕೂತಿದ್ದು. ಅದಕ್ಕೆ ಮುಂಚೆ ಆ ಹೆಗ್ಗಣದ ವಿಷಯ ಮುಗಿಸಿಬಿಡುತ್ತೇನೆ.

ಅದು ಹೆಗ್ಗಣ ಅಲ್ಲ ಅಂತ ನನಗೂ ಗೊತ್ತು. ಗ್ರೌಂಡ್‌ಹಾಗ್, ಅಳಿಲಿನ ಕುಟುಂಬಕ್ಕೆ ಸೇರಿದ ದಪ್ಪ ಪ್ರಾಣಿ, ಬಿಲದಲ್ಲಿ ವಾಸ. ಪೆನ್ಸಿಲ್ವೇನಿಯಾದ ಪಂಕ್ಸುಟಾನಿ ಎಂಬ ಸಣ್ಣ ಊರಿನಲ್ಲಿ 1887ರಿಂದ ಫೆಬ್ರವರಿ 2ರಂದು ಇದನ್ನು ಭವಿಷ್ಯ ಕೇಳುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಮೇಲೆ ಸಾವಿರಾರು ಜನ. ಕಪ್ಪು ಕೋಟು, ಉದ್ದನೆಯ ಟೋಪಿ ಹಾಕಿಕೊಂಡ ದೊಡ್ಡ ಮನುಷ್ಯರು ಒಂದು ಮರದ ಬೊಡ್ಡೆಯ ಬಾಗಿಲು ತಟ್ಟಿ ಪ್ರಾಣಿಯನ್ನು ಎತ್ತಿ ಹಿಡಿಯುತ್ತಾರೆ. ಅದಕ್ಕೆ ಫಿಲ್ ಅಂತ ಹೆಸರು. ಅದು ತನ್ನ ನೆರಳು ನೋಡಿದರೆ ಇನ್ನೂ ಆರು ವಾರ ಚಳಿ. ನೋಡದಿದ್ದರೆ ವಸಂತ ಬೇಗ. ಅದು ತನ್ನ ಭಾಷೆಯಲ್ಲಿ ಹೇಳಿದ್ದನ್ನು ತಿಳಿದುಕೊಳ್ಳಲು ಆ ಮಂಡಳಿಯ ಅಧ್ಯಕ್ಷರ ಕೈಯಲ್ಲಿ ಒಂದು ಕೋಲು ಇರುತ್ತದೆ. ಕೋಲು ಹಿಡಿದವರಿಗೆ ಮಾತ್ರ ಆ ಭಾಷೆ ಅರ್ಥವಾಗುತ್ತದಂತೆ. 1887ರಿಂದ ಇವತ್ತಿನವರೆಗೆ ಇದು ಅದೇ ಫಿಲ್, ಬೇಸಿಗೆಯಲ್ಲಿ ಒಂದು ಗುಟುಕು ಅಮೃತ ಕುಡಿಸುತ್ತೇವೆ, ಅದಕ್ಕೇ ಸಾವಿಲ್ಲ ಅಂತಲೂ ಹೇಳುತ್ತಾರೆ. ಕಾಡಿನಲ್ಲಿ ಈ ಜಾತಿಯ ಪ್ರಾಣಿ ಆರು ವರ್ಷ ಬದುಕಿದರೆ ಹೆಚ್ಚು.

ನಮ್ಮ ಅವ್ವ ಒಂದು ಚಳಿಗಾಲ ಇಲ್ಲಿಗೆ ಬಂದಿದ್ದಳು. ಟೀವಿಯಲ್ಲಿ ಇದನ್ನೆಲ್ಲ ನೋಡಿ ಶಾಲು ಸರಿ ಮಾಡಿಕೊಂಡು ಕೇಳಿದಳು: ‘ಹೆಗ್ಗಣಕ್ಕ ಇಷ್ಟ್ಯಾಕ ಮರ್ಯಾದಿ ಮಾಡ್ತಾರಪಾ?’

ನಾನು ಕಾರಣ ಹೇಳಿದೆ. ಭವಿಷ್ಯ ಅಂದ ಕೂಡಲೇ ಅವ್ವ ಸೀರಿಯಸ್ ಆದಳು. ಯಾಕೆಂದರೆ ಇದು ಅವಳಿಗೆ ಗೊತ್ತಿರುವ ವಿಷಯ. ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ಈಚೆ ದಂಡೆಗೆ. ಆಚೆ ದಂಡೆಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಅಲ್ಲಿಯೂ ಸುಮಾರು ಫೆಬ್ರವರಿಯ ಹೊತ್ತಿಗೇ, ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕ ನಡೆಯುತ್ತದೆ. ಅದೂ ಒಂದು ದಿಬ್ಬದ ಮೇಲೇ, ಡೆಂಕನಮರಡಿಯಲ್ಲಿ. ಲಕ್ಷಗಟ್ಟಲೆ ಜನ. ಕಪ್ಪು ಕಂಬಳಿಯ ಗೊರವರು, ಡಮರುಗದ ಸದ್ದು, ‘ಏಳುಕೋಟಿಗೋ’ ಅಂತ ಕೂಗು. ದಿನಗಟ್ಟಲೆ ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಮೇಲೆ ನಿಂತು ‘ಸದ್ದಲೇ’ ಅನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ಗಪ್‌ಚಿಪ್. ಆಮೇಲೆ ಒಂದೇ ಒಂದು ಸಾಲು ನುಡಿದು, ‘ಪರಾಕ್’ ಎಂದು ಮೇಲಿನಿಂದ ಬಿದ್ದುಬಿಡುತ್ತಾನೆ. ಕೆಳಗಿನವರು ಹಿಡಿದುಕೊಳ್ಳುತ್ತಾರೆ.

ಆ ಒಂದು ಸಾಲಿನ ಮೇಲೆ ಮುಂದಿನ ಮಳೆಗಾಲದವರೆಗೆ ಕಟ್ಟೆ ಕಟ್ಟೆಯಲ್ಲಿ ಚರ್ಚೆ. ಮಳೆ ಹೆಂಗೆ, ಬೆಳೆ ಹೆಂಗೆ, ಯಾವ ಸರ್ಕಾರ ಬೀಳುತ್ತದೆ. ರೈತರು ಒಂದು ಅರ್ಥ ಹೇಳುತ್ತಾರೆ, ರಾಜಕೀಯದವರು ಇನ್ನೊಂದು. ನಮ್ಮ ಅಜ್ಜ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗಿ ಬಂದು, ಆ ಸಾಲಿನಲ್ಲಿ ಜೋಳ ಇದೆಯೋ ಹತ್ತಿ ಇದೆಯೋ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದ. ಕಡೆಗೆ ಪ್ರತಿ ವರ್ಷ ಬಿತ್ತುತ್ತಿದ್ದುದನ್ನೇ ಬಿತ್ತುತ್ತಿದ್ದ.

ಅವ್ವ ಎರಡನ್ನೂ ತೂಗಿ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು. ‘ಉಪಾಸಿಲ್ಲ, ಬಿಲ್ಲ ಏರಂಗಿಲ್ಲ, ಬೀಳಂಗಿಲ್ಲ. ಸುಮ್ನ ಎತ್ತಿ ತೋರಸ್ತಾರ. ಹೆಂಗ ನಂಬೂದು?’

ನನಗೆ ಈ ಮಾತು ಬಹಳ ಸರಿ ಅನ್ನಿಸಿತು. ಭವಿಷ್ಯ ಹೇಳುವವರು ಒಂದಿಷ್ಟು ಕಷ್ಟಪಡಬೇಕು, ಅಲ್ವಾ? ಇಲ್ಲಿನ ಹವಾಮಾನ ಇಲಾಖೆಯವರೇ ಲೆಕ್ಕ ಹಾಕಿ, ಫಿಲ್ ಹೇಳಿದ್ದು ಅರ್ಧಕ್ಕಿಂತ ಜಾಸ್ತಿ ಸಲ ಸುಳ್ಳಾಗಿದೆ ಅಂದಿದ್ದಾರೆ. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ವಾಸಿ. ಅದಕ್ಕಿಂತ ದೊಡ್ಡ ತಕರಾರು ನನ್ನದು. ಫೆಬ್ರವರಿ 2ಕ್ಕೆ ಆರು ವಾರ ಸೇರಿಸಿ ನೋಡಿ. ಮಾರ್ಚ್ 16. ಕ್ಯಾಲೆಂಡರಿನ ವಸಂತ ಮಾರ್ಚ್ 20ರ ಆಸುಪಾಸಿಗೆ ಹೇಗೂ ಇದೆ. ಅಂದರೆ ಆರು ವಾರ ಚಳಿ ಅನ್ನುವುದೇ ಇವರ ಪಾಲಿಗೆ ಕೆಟ್ಟ ಸುದ್ದಿ! ನಮ್ಮ ಹಳ್ಳಿಯಲ್ಲಿ ಯಾರಾದರೂ ಬಂದು ಇನ್ನು ಆರೇ ವಾರ ಚಳಿ ಅಂದರೆ ಅವರಿಗೆ ಸನ್ಮಾನ ಮಾಡಿ ಶಾಲು ಹೊದಿಸುತ್ತೇವೆ. ಶಾಲು ಹೇಗೂ ಎಲ್ಲರ ಹೆಗಲ ಮೇಲೂ ಇರುತ್ತದೆ.

ಫಿಲ್‌ಗಿಂತ ಇಲ್ಲಿನ ಒಂದು ಸಿಮೆಂಟ್ ಇಟ್ಟಿಗೆಯ ಮೇಲೆ ನನಗೆ ಗೌರವ. ವೆಸ್ಟ್ ಡ್ಯಾನ್‌ವಿಲ್ ಊರಿನ ಜೋಸ್ ಪಾಂಡ್ ಎಂಬ ಕೆರೆ ಚಳಿಗೆ ಪೂರ್ತಿ ಹೆಪ್ಪುಗಟ್ಟುತ್ತದೆ. ಆ ಮಂಜಿನ ಮೇಲೆ ಇಟ್ಟಿಗೆ ಇಟ್ಟು, ಹಗ್ಗ ಕಟ್ಟಿ, ದಂಡೆಯ ಮೇಲಿನ ಗಡಿಯಾರಕ್ಕೆ ಜೋಡಿಸುತ್ತಾರೆ. ಮಂಜು ಒಡೆದು ಇಟ್ಟಿಗೆ ಮುಳುಗಿದಾಗ ಗಡಿಯಾರ ನಿಲ್ಲುತ್ತದೆ. ಅದು ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷಕ್ಕೆ ಅಂತ ಜನ ದುಡ್ಡು ಕಟ್ಟಿ ಊಹಿಸುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಆಗುತ್ತದೆ. ಇಟ್ಟಿಗೆ ಯಾವ ಭವಿಷ್ಯವನ್ನೂ ಹೇಳುವುದಿಲ್ಲ. ಟೋಪಿಯವರು ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ. ಮುಳುಗುವುದು ತಾನೇ, ಅವ್ವನ ಲೆಕ್ಕದಲ್ಲಿ ಇದೇ ಪಾಸು.

ಇಷ್ಟಾಗಿ ಇಲ್ಲಿ ಎಲ್ಲರೂ ವಸಂತಕ್ಕೆ ಕಾಯುತ್ತಾರೆ ಅಂದುಕೊಳ್ಳಬೇಡಿ. ಪಕ್ಕದ ಜಮೀನಿನ ಮುದುಕ ಕಾಯುವುದಿಲ್ಲ. ಅವನದು ಮೇಪಲ್ ತೋಟ. ರಾತ್ರಿ ಮಂಜುಗಟ್ಟುವ ಚಳಿ, ಹಗಲು ಕರಗುವಷ್ಟು ಬಿಸಿಲು ಇದ್ದರೆ ಮಾತ್ರ ಮರದಲ್ಲಿ ರಸ ಹರಿಯುತ್ತದೆ. 40 ಗ್ಯಾಲನ್ ರಸ ಕುದಿಸಿದರೆ 1 ಗ್ಯಾಲನ್ ಪಾಕ. ಮರ ಮೊಗ್ಗೊಡೆದರೆ ಪಾಕದ ರುಚಿ ಕೆಡುತ್ತದೆ, ಸೀಜನ್ ಮುಗಿಯಿತು. ಹಾಗಾಗಿ ನಾನು ಚಿಗುರು ಬರಲಿ ಅಂತ ಕಿಟಕಿಯಲ್ಲಿ ನಿಂತಿದ್ದರೆ, ಬೇಲಿಯಾಚೆ ಅವನು ಇನ್ನೊಂದು ವಾರ ಬರದಿರಲಿ ಅಂತ ಆಲೆಮನೆಯ ಹೊಗೆಯಲ್ಲಿ ನಿಂತಿರುತ್ತಾನೆ. ಇಬ್ಬರಲ್ಲಿ ಅವನ ಮಾತೇ ಪ್ರತಿ ವರ್ಷ ನಡೆಯುತ್ತದೆ ಅನ್ನುವುದು ನನ್ನ ಅನುಮಾನ.

ಯುಗಾದಿಗೆ ಅವನ ಪಾಕವನ್ನೇ ಬೆಲ್ಲದ ಬದಲು ಇಟ್ಟೆ. ಬೇವು ಸಿಗಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ, ನವೆಂಬರಿನಿಂದ ತಿಂದಿರುವ ಕಹಿಯೇ ಇನ್ನೂ ಅರಗಿಲ್ಲ.

ಹೂಂ, ಆ ಒಳ್ಳೆಯ ಮಾತು. ಕಾಯುವುದು ಅಂದರೆ...

ಫೋನು. ಸೌದೆಯವನು. ಮುಂದಿನ ಚಳಿಗೆ ಎಷ್ಟು ಕಾರ್ಡ್ ಬೇಕು ಅಂತ ಕೇಳುತ್ತಿದ್ದಾನೆ. ಒಂದು ಕಾರ್ಡ್ ಅಂದರೆ 128 ಘನ ಅಡಿ, ಹಸಿ ಕಟ್ಟಿಗೆ. ಈಗಲೇ ತಂದು ಒಟ್ಟಿದರೆ ಅದು ಅಕ್ಟೋಬರಿನ ಹೊತ್ತಿಗೆ ಒಣಗುತ್ತದೆ. ‘ಅಯ್ಯಾ, ಈ ವರ್ಷದ ಚಳಿಯೇ ಇನ್ನೂ ಹೋಗಿಲ್ಲ’ ಅಂದೆ. ‘ಅದು ಹೋದ ಮೇಲೆ ಕೇಳಿದರೆ ರೇಟು ಜಾಸ್ತಿ’ ಅಂದ.

ನಾಲ್ಕು ಕಾರ್ಡ್ ಹೇಳಿದ್ದೇನೆ. ರಸ್ತೆ ಒಣಗಿದ ಮೇಲೆ ತಂದು ಹಾಕುತ್ತಾನಂತೆ. ಯಾವಾಗ ಒಣಗುತ್ತದೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮುಂಗಡ ಮಾತ್ರ ಇವತ್ತೇ ಕಳಿಸಬೇಕಂತೆ.